ಎಡ ಮಂಡಿಯ ಪಟ್ಟಿ

ಮನೆಯಿಂದ,
ಭಾನುವಾರ, ಸಂಜೆ ಐದೂವರೆ

ನನ್ನ ಮುದ್ದು ಚಿಕ್ಕ ಮಗಳೇ,

ಹೇಗಿದ್ದೀಯಮ್ಮಾ? ರಾತ್ರಿ ಪಾಳಿ ಮುಗಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ರೋಗಿಗಳಿಗೆಲ್ಲ ಉಪದೇಶ ಮಾಡಿ ನೀನು ಬಿಸ್ಕತ್ತು ತಿಂದು ಮಲಗುತ್ತೀಯೋ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ. ನರ್ಸಮ್ಮನಿಗೆ ಮದ್ದು ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ ಬಿಸಿನೀರು ಕುಡಿ. ಇಲ್ಲಿ ನಾನೂ ನಿನ್ನ ಅಕ್ಕನೂ ಕ್ಷೇಮ. ನನ್ನ ಮಂಡಿಯ ವಿಷಯ ನೀನು ಕೇಳಿಯೇ ಕೇಳುತ್ತೀಯ. ಅದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಅಕ್ಕನ ಕಿವಿಗೆ ಬೀಳುತ್ತದೆ.

ನಾನು ಮೆಟ್ಟಿಲಲ್ಲಿ ಜಾರಿ ಬಿದ್ದಾಗ ನೀನು ಏನು ಹೇಳಿದ್ದೆ? "ಆರು ವಾರ ಅಪ್ಪಾ, ಆಮೇಲೆ ಕುದುರೆ ಥರ ಓಡ್ತೀಯ." ಸರಿಯಾಗಿಯೇ ಹೇಳಿದ್ದೆ. ಐದನೇ ವಾರಕ್ಕೇ ನೋವು ಹೋಯಿತು. ಆದರೆ ಅದೇ ವಾರ ಅಕ್ಕನಿಗೆ ದೂರದ ಒಂದು ದ್ವೀಪದಿಂದ ಕಾಗದ ಬಂತು: ಹಕ್ಕಿ ಎಣಿಸುವ ಕೆಲಸ, ಮೂರು ವರ್ಷ, ಇರಲು ಒಂದು ಕೋಣೆ. ಕನ್ನಡಕದ ಅಂಗಡಿಯಲ್ಲಿ ಹನ್ನೊಂದು ವರ್ಷ ಗಾಜು ಒರೆಸಿದ ಹುಡುಗಿ, ಆ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಾ ನಿಂತಿದ್ದಳು. ನಿಮ್ಮಮ್ಮ ಹೋದ ಮೇಲೆ ಈ ಎರಡು ಕೋಣೆಗಳಲ್ಲಿ ನಾನು ಒಂದು ದಿನವೂ ಒಬ್ಬನೇ ಇದ್ದವನಲ್ಲ. ನೀರು ಕುಡಿಯಲು ಎದ್ದವನು, ಯಾಕೆ ಎಂದು ಕೇಳಬೇಡ, ಕುಂಟಿಬಿಟ್ಟೆ. ಅವಳ ನಗು ಅಲ್ಲೇ ನಿಂತಿತು. ಅಂದಿನಿಂದ ಏಳು ವಾರ, ಕೋಲು ಊರಿಕೊಂಡು ಕುಂಟುತ್ತಲೇ ಇದ್ದೇನೆ. ದಿನಾ ಸಂಜೆ ಅವಳು ಎಣ್ಣೆ ತಿಕ್ಕಿ ಪಟ್ಟಿ ಕಟ್ಟುತ್ತಾಳೆ, ನಾನು "ಅಯ್ಯೋ, ಮೆಲ್ಲಗೆ" ಎನ್ನುತ್ತೇನೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಗಿದೆ, ಉಗುಳಲೂ ಆಗದು, ನುಂಗಲೂ ಆಗದು. ದಿಢೀರನೆ ವಾಸಿಯಾಯಿತು ಎಂದರೆ ಸಿಕ್ಕಿಬೀಳುತ್ತೇನೆ, ಆಗಲಿಲ್ಲ ಎಂದರೆ ಅವಳ ಕೆಲಸ ಹೋಯಿತು. ಗುರುವಾರದೊಳಗೆ ಉತ್ತರ ಕೊಡಬೇಕಂತೆ.

ಇವತ್ತು "ಮನೇಲೇ ಕೂತು ಕೊಳೀತಿದ್ದೀಯ, ಬಾ ಅಪ್ಪಾ" ಎಂದು ಅವಳೇ ನನ್ನನ್ನು ಮೊದಲ ಬಸ್ಸಿಗೆ ಹತ್ತಿಸಿ ಕಡಲಂಚಿನ ಜೌಗಿಗೆ ಕರೆದುಕೊಂಡು ಹೋದಳು. ಒಂದು ಕಡೆ ಕೆಸರು, ಜೊಂಡು, ನಿಂತ ನೀರು. ಇನ್ನೊಂದು ಕಡೆ ಮಂಡಿಯೆತ್ತರದ ಕುರುಚಲು ಗಿಡಗಳ ಬಯಲು, ಅದರಾಚೆ ಸಮುದ್ರ. ನೀರಿನ ಪಕ್ಕ ಹಲಗೆ ಬಡಿದು ಮಾಡಿದ ಒಂದು ಗೂಡು, ಅದಕ್ಕೆ ಕಿಟಕಿ ಎಂದು ಗೇಣಗಲದ ಒಂದು ಸೀಳು. ಒಳಗೆ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಹಕ್ಕಿಗಳು ಹೆದರುತ್ತವಂತೆ. ನನ್ನ ಎಡಗಾಲನ್ನು ಬೆಂಚಿನ ಮೇಲೆ ಚಾಚಿಸಿ, ಕೆಳಗೆ ತನ್ನ ಶಾಲು ಮಡಿಸಿ ಇಟ್ಟಳು ಪುಣ್ಯಾತ್ಗಿತ್ತಿ. ಮೂರು ಗಂಟೆ ಹಾಗೇ ಕೂತೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಸುಮ್ಮನಿರುತ್ತದೆಯೇ? ಪಟ್ಟಿಯೊಳಗೆ ಒಂದೇ ಸಮ ತುರಿಕೆ. ಎದುರಿಗೆ ಬೆಳ್ಳಕ್ಕಿಯೊಂದು ಒಂಟಿ ಕಾಲಲ್ಲಿ ನಿಂತಿತ್ತು, ಅದಕ್ಕೆ ಯಾರೂ ಎಣ್ಣೆ ತಿಕ್ಕುವುದಿಲ್ಲ. ಒಂದು ಸಲ ಎದ್ದು ನಿಲ್ಲಲು ಬಿಟ್ಟರೆ ಸಾಕಪ್ಪಾ ಎನ್ನಿಸುತ್ತಿತ್ತು ನನಗೆ.

ಆಮೇಲೆ ಅವಳು "ಆಚೆ ದಡದ ಗೂಡಿಂದ ಒಂದ್ಸಲ ಎಣಿಸಿ ಬರ್ತೀನಿ, ಅಲ್ಲಾಡಬೇಡ" ಎಂದು ಮೂರು ಕಾಲಿನ ದೊಡ್ಡ ದುರ್ಬೀನು ಹೊತ್ತುಕೊಂಡು ಹೋದಳು. ಅವಳ ಬೆನ್ನು ಜೊಂಡಿನಲ್ಲಿ ಮರೆಯಾಗಿದ್ದೇ ತಡ, ನಾನು ಹೊರಗೆ! ಕುರುಚಲಿನ ನಡುವೆ ನಾಲ್ಕು ಹೆಜ್ಜೆ ನೆಟ್ಟಗೆ ನಡೆದೆ, ಆಹಾ, ಸ್ವರ್ಗ. ಅಷ್ಟರಲ್ಲಿ ಕಾಲ ಬುಡದಿಂದ ಮರಳಿನ ಬಣ್ಣದ ಪುಟ್ಟ ಹಕ್ಕಿಯೊಂದು ಎದ್ದು, ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತಾ, ಕಿರುಚುತ್ತಾ ಓಡಿತು. ಹೊಲಿಗೆ ಬಿಚ್ಚಿದ ತೋಳಿನ ಹಾಗೆ ಜೋತಾಡುತ್ತಿತ್ತು ಆ ರೆಕ್ಕೆ. ಎಲ್ಲಿತ್ತೋ ಏನೋ, ಒಂದು ಬೀದಿನಾಯಿ ಅದರ ಬೆನ್ನು ಹತ್ತಿತು. ನನಗೆ ಮಂಡಿ, ಪಟ್ಟಿ ಯಾವುದೂ ನೆನಪಾಗಲಿಲ್ಲ. "ಹಚಾ! ಹಚಾ!" ಎಂದು ಕೋಲು ಬೀಸುತ್ತಾ, ಗಿಡ ಹಾರುತ್ತಾ, ಅರ್ಧ ಬಯಲು ಓಡಿದೆ ಮಗಳೇ. ನಾಯಿ ಇನ್ನೇನು ಬಾಯಿ ಹಾಕಬೇಕು, ಆ ಹಕ್ಕಿ ಎರಡೂ ರೆಕ್ಕೆ ಬಿಚ್ಚಿ ಭರ್ರನೆ ಹಾರಿಹೋಯಿತು! ನಾಯಿ ನನ್ನ ಮುಖ ನೋಡಿತು, ನಾನು ನಾಯಿಯ ಮುಖ ನೋಡಿದೆ. ಇಬ್ಬರಿಗೂ ಟೋಪಿ ಹಾಕಿತ್ತು. ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಗೂಡಿಗೆ ವಾಪಸು ಬಂದೆ.

ಅಕ್ಕ ಬಂದಾಗ ನಾನು ಕಾಲು ಚಾಚಿ ಕೂತಿದ್ದೆ, ಏದುಸಿರು ಮಾತ್ರ ಇನ್ನೂ ನಿಂತಿರಲಿಲ್ಲ. ಬಸ್ಸಿನಲ್ಲಿ ಅವಳು ತಾನಾಗಿಯೇ, "ಆ ಬಯಲಲ್ಲಿ ಒಂದು ಹಕ್ಕಿ ಇದೆ ಅಪ್ಪಾ, ರೆಕ್ಕೆ ಮುರಿದ ಹಾಗೆ ನಾಟಕ ಆಡುತ್ತೆ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಮಂಡಿ ಮುಟ್ಟಿಕೊಂಡೆ. "ಮರಿ ಹತ್ತಿರ ಯಾರೂ ಹೋಗಬಾರದು ಅಂತ. ಮರಿಗೆ ಹಾರೋಕೆ ಬಂದ ಮೇಲೆ ನಿಲ್ಲಿಸಿಬಿಡುತ್ತೆ." ನಾನು ಕಿಟಕಿಯ ಕಡೆ ತಿರುಗಿ ಕೂತೆ. ನಾಚಿಕೆಯಾಯಿತು ಮಗಳೇ, ತುಂಬಾ ನಾಚಿಕೆಯಾಯಿತು. ಅಂಗೈಯಗಲದ ಹಕ್ಕಿ, ಮರಿ ಬದುಕಲಿ ಎಂದು ಕುಂಟುತ್ತದೆ. ನಾನು ಕುಂಟುತ್ತಿರುವುದು ಮರಿ ಎಲ್ಲಿ ಹಾರಿಹೋಗುತ್ತದೋ ಎಂಬ ಭಯಕ್ಕೆ. ಅದೂ ಮೂವತ್ತೈದು ವರ್ಷದ ಮರಿ!

ಈಗ ಅವಳು ಅಡುಗೆಮನೆಯಲ್ಲಿ ಎಣ್ಣೆ ಬಿಸಿ ಮಾಡುತ್ತಿದ್ದಾಳೆ, ವಾಸನೆ ಬರುತ್ತಿದೆ. ಇನ್ನು ಐದು ನಿಮಿಷಕ್ಕೆ ನಾನು "ಅಯ್ಯೋ" ಎನ್ನಬೇಕು. ಏನು ಮಾಡಲಿ, ನೀನೇ ಒಂದು ದಾರಿ ಹೇಳು. ಅವಳಿಗೆ ಮಾತ್ರ ಹೇಳಬೇಡ, ಮುಖ ತೋರಿಸಲಾರೆ. ನಿನ್ನ ಕೆಮ್ಮು ಬೇಗ ಹೋಗಲಿ, ನೀನು ಕೈಹಿಡಿದು ಎಬ್ಬಿಸಿದ ರೋಗಿಗಳೆಲ್ಲ ಓಡಾಡುವಂತಾಗಲಿ.

ನಿನ್ನ
ಕುಂಟ ಅಪ್ಪ

ಮರೆತ ಮಾತು, ಸೋಮವಾರ ಬೆಳಿಗ್ಗೆ, ಅವಸರದಲ್ಲಿ: ಈ ಲಕೋಟೆಗೆ ಅಂಟು ಹುಡುಕಲು ಅವಳ ಮೇಜಿನ ಹತ್ತಿರ ಹೋದೆ. ದ್ವೀಪದವರ ವಿಳಾಸ ಬರೆದ ಲಕೋಟೆ ಇತ್ತು, ಇನ್ನೂ ಅಂಟಿಸಿರಲಿಲ್ಲ. ಒಳಗೆ ಎರಡೇ ಸಾಲು, ಬರಲು ಆಗುವುದಿಲ್ಲ, ಕ್ಷಮಿಸಿ ಎಂದು. ಪಕ್ಕದಲ್ಲಿ ಅವಳು ಹಕ್ಕಿಗಳ ಲೆಕ್ಕ ಬರೆಯುವ ಪುಸ್ತಕ, ನಿನ್ನೆಯ ಪುಟ ತೆರೆದೇ ಇತ್ತು. ಬಾತು ಇನ್ನೂರ ಹನ್ನೆರಡು. ಬೆಳ್ಳಕ್ಕಿ ಹದಿನೇಳು. ಮಿಂಚುಳ್ಳಿ ಒಂದು. ಎಲ್ಲಕ್ಕಿಂತ ಕೆಳಗೆ: "ಅಪ್ಪ ಒಂದು. ನಾಯಿಯ ಹಿಂದೆ ಓಟ. ಎರಡೂ ಕಾಲು ಚೆನ್ನಾಗಿವೆ." ಆಚೆ ದಡದಿಂದ ದುರ್ಬೀನಿನಲ್ಲಿ ಎಲ್ಲ ನೋಡಿದ್ದಾಳೆ. ನೋಡಿಯೂ ನಿನ್ನೆ ಸಂಜೆ ಎಣ್ಣೆ ತಿಕ್ಕಿದಳಮ್ಮಾ, "ನೋವಾಯ್ತಾ ಅಪ್ಪಾ?" ಎಂದು ಕೇಳಿ ಕೇಳಿ. ಇನ್ನು ನಿನ್ನ ಉತ್ತರಕ್ಕೆ ಕಾಯುವುದಿಲ್ಲ. ಪಟ್ಟಿ ಬಿಚ್ಚಿದ್ದೇನೆ. ಕೋಲನ್ನು ಅವಳ ಲಕೋಟೆಯ ಮೇಲೆ ಅಡ್ಡ ಇಟ್ಟಿದ್ದೇನೆ. ಈ ಕಾಗದ ಹಾಕಲು ನಾನೇ ಹೊರಟೆ, ಎರಡು ಮಹಡಿ ಇಳಿದು, ಬೀದಿ ದಾಟಿ, ಮೂಲೆಯ ಅಂಚೆ ಡಬ್ಬದವರೆಗೆ. ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ. ನೋಡಲಿ.