ಇಟ್ಟಿಗೆ ಪುಡಿ ಹಾಕಿ ಉಜ್ಜಿದ ಹಲ್ಲು

ಬೂದಿಕೋಟೆ
ಶುಕ್ರವಾರ, 21-2-2025

ಮೊಮ್ಮಗಳು ಮೀನಾಳಿಗೆ ನಿನ್ನ ಅಜ್ಜಿ ಮಾಡುವ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಹಸು ಕ್ಷೇಮ, ಕರು ಕ್ಷೇಮ. ನಾನು ಮಾತ್ರ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ. ಐದು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದ್ದರೂ ನಾನು ಬಾಯಿಗೆ ಬಂದದ್ದು ಆಡುತ್ತಿದ್ದೆ, ನೀನು ಪಟ್ಟನೆ ಕಟ್ ಮಾಡುತ್ತಿದ್ದೆ. ಕಾಗದವಾದರೆ ಹರಿದು ಹಾಕುವ ಮುಂಚೆ ಒಂದೆರಡು ಸಾಲಾದರೂ ಕಣ್ಣಿಗೆ ಬೀಳುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು. ತಪ್ಪಿದ್ದರೆ ನಿನ್ನ ಕೆಂಪು ಪೆನ್ನಿನಲ್ಲಿ ತಿದ್ದಿಕೋ.

ನಿನ್ನೆ ಬಂಗಾರಪೇಟೆಯ ಹಲ್ಲಿನ ಆಸ್ಪತ್ರೆಗೆ ನಿನ್ನ ಜೊತೆ ಬಂದದ್ದು ನಿನ್ನ ಮೇಲಿನ ಅಕ್ಕರೆಯಿಂದಲ್ಲ ಕಣೆ, ನಿಜ ಹೇಳಿಬಿಡುತ್ತೇನೆ. ಡಾಕ್ಟರು ನಿನಗೆ ಚೆನ್ನಾಗಿ ಬೈಯುವುದನ್ನು ಕೇಳಬೇಕೆಂದು ಬಂದೆ. ಕೊರೋನಾ ಹೋಗಿ ಇಷ್ಟು ವರ್ಷವಾದರೂ, ಕಂದು ಕಲೆಯ ಹಲ್ಲು ಕಾಣಬಾರದೆಂದು ನೀನು ಮೂತಿಯ ಮೇಲಿನ ಮಾಸ್ಕು ತೆಗೆದಿಲ್ಲ. ನೀನು ಪಾಠ ಮಾಡುವ ಕೆಜಿಎಫ್‌ನ ಊರಿಗಾಂ ಶಾಲೆಯ ಹೆಡ್ ಮೇಡಂ ನಿನ್ನನ್ನು ಕರೆದು, ಒಂದನೇ ಕ್ಲಾಸಿನ ಮಕ್ಕಳು ತುಟಿ ನೋಡಿಯೇ ಅಕ್ಷರ ಕಲಿಯುವುದು, ಜೂನ್‌ನಿಂದ ಮಾಸ್ಕು ತೆಗೆದರೆ ಪಾಠ, ಇಲ್ಲದಿದ್ದರೆ ಆಫೀಸಿನಲ್ಲಿ ಕೂತು ರಸೀದಿ ಬರಿ ಅಂದರಂತೆ. ಆ ಮಕ್ಕಳೆಂದರೆ ನಿನಗೆ ಪ್ರಾಣ. ಅದಕ್ಕೇ ಹೊರಟೆ ನೀನು. ನಾನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಕೇಳುವ ಹಾಗೆ, ನೆಟ್ಟಗೆ ಉಜ್ಕಂಡಿದ್ರೆ ಈ ಓಡಾಟ ಇರ್ತಿರ್ಲಿಲ್ಲ ಅಂದೆ. ನೀನು ಕಿಟಕಿಯ ಕಡೆ ತಿರುಗಿ ಕೂತೆ.

ಡಾಕ್ಟರಮ್ಮ ನಿನ್ನ ಕೈಗೆ ಕನ್ನಡಿ ಕೊಟ್ಟು ಒಂದೊಂದಾಗಿ ಹೇಳುತ್ತಾ ಹೋದಳು. ಔಷಧಿ ಹಚ್ಚಿ ಬಿಳಿ ಮಾಡಬಹುದಂತೆ. ಮೇಲಿನ ಪದರವನ್ನು ಸ್ವಲ್ಪ ತಿಕ್ಕಿ ಕಂದು ಬಣ್ಣ ತೆಗೆಯಬಹುದಂತೆ. ಹಲ್ಲಿನ ಬಣ್ಣದ್ದೇ ಪೇಸ್ಟು ಮೆತ್ತಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರಂತೆ. ಹಲ್ಲು ಕೆರೆದು ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಚಿಪ್ಪು ಅಂಟಿಸುವುದೂ ಉಂಟಂತೆ. ಯಾವುದೂ ಆಗದಿದ್ದರೆ ಕ್ಯಾಪು. ಸೀರೆ ಅಂಗಡಿಯಲ್ಲೂ ಇಷ್ಟು ಬಗೆ ತೋರಿಸುವುದಿಲ್ಲ. ಅದೆಲ್ಲ ಯಾಕ್ ತಾಯಿ, ಸೋಂಬೇರಿ ಇವ್ಳು, ಅಲ್ಲು ಉಜ್ಜಾಕಿಲ್ಲ ಅಷ್ಟೇಯ ಅಂದೆ.

ಅವಳು ನನ್ನ ಕಡೆ ತಿರುಗಿ, ಅಜ್ಜಿ, ಇದು ಕೊಳೆ ಅಲ್ಲ, ನೀರು ಅಂದಳು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಕೆಡುತ್ತದಂತೆ. ಹೊರಗೆ ಬಂದ ಮೇಲೆ ಎಷ್ಟು ಉಜ್ಜಿದರೂ ಆ ಕಲೆ ಹೋಗುವುದಿಲ್ಲವಂತೆ.

ಅಷ್ಟು ಕೇಳಿದ್ದೇ ನಮ್ಮ ಮನೆಯ ಬೋರು ನೆನಪಾಯಿತು ಕಣೆ. ನಿನ್ನ ಅಮ್ಮ ಪುಷ್ಪ ಫ್ಯಾಕ್ಟರಿ ಶಿಫ್ಟಿಗೆ ಹೋಗಬೇಕೆಂದು ಹನ್ನೊಂದು ತಿಂಗಳ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಅದೇ ವರ್ಷ ನಮ್ಮ ಹಿತ್ತಲಲ್ಲಿ ಬೋರು ಕೊರೆಸಿದ್ದು. ಬೀದಿಯ ಕೊಳಾಯಿಗೆ ಹೋಗಿ ನಿಲ್ಲಬೇಕಿಲ್ಲ ಅಂತ ನನಗೆ ಎಷ್ಟು ಜಂಬ. ಮೊದಲ ಬಿಂದಿಗೆಗೆ ಅರಿಶಿನ ಕುಂಕುಮ ಇಟ್ಟು, ಮೊದಲ ಲೋಟ ನಿನಗೇ ಕುಡಿಸಿದೆ. ನಿನ್ನ ತಮ್ಮ ನವನೀತ ಊರಿಗಾಂನಲ್ಲಿ ಅಮ್ಮನ ಹತ್ತಿರವೇ ಬೆಳೆದ, ಅಲ್ಲಿಯ ಕೊಳಾಯಿಗೆ ಬರುವ ಬೇತಮಂಗಲದ ಕೆರೆ ನೀರು ಕುಡಿದ. ಅವನ ಹಲ್ಲು ಮಲ್ಲಿಗೆ ಮೊಗ್ಗು. ಹಬ್ಬಕ್ಕೆ ಅವನು ಬಂದಾಗಲೆಲ್ಲ ಅವನ ತುಟಿ ಎತ್ತಿ ತೋರಿಸಿ, ನೋಡ್ಕಳೆ, ಇದು ಮನುಷ್ಯರ ಅಲ್ಲು ಅಂತ ನಿನ್ನನ್ನು ಹಂಗಿಸಿದವಳು ನಾನು.

ಅಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಕೇಳಿದಳು. ಮುಂದಿನ ಹಲ್ಲುಗಳ ಮೇಲ್ಪದರ ಸವೆದ ಹಾಗಿದೆ, ಚಿಕ್ಕಂದಿನಲ್ಲಿ ಒರಟಾದದ್ದು ಏನಾದರೂ ಹಾಕಿ ಉಜ್ಜುತ್ತಿದ್ದಿರಾ, ಹಾಗಿದ್ದರೆ ತಿಕ್ಕುವ ಚಿಕಿತ್ಸೆ ಬೇಡ, ಹಲ್ಲು ಇನ್ನೂ ತೆಳ್ಳಗಾಗುತ್ತದೆ ಅಂದಳು. ನೀನು ಬಾಯಿ ತೆರೆಯುವ ಮುಂಚೆ ನಾನೇ, ನಮ್ಮನೇಲಿ ಪೇಸ್ಟು ಬಿಟ್ರೆ ಏನೂ ಇಲ್ಲ ತಾಯಿ ಅಂದುಬಿಟ್ಟೆ. ನೀನು ನನ್ನನ್ನು ನೋಡಿದೆ. ಆಮೇಲೆ ಮೆಲ್ಲಗೆ, ಹುಣಸೆಕಾಯಿ ತುಂಬ ತಿಂತಿದ್ದೆ ಮೇಡಂ, ಅದಕ್ಕೇ ಇರಬೇಕು ಅಂದೆ. ಅವಳು ಬರೆದುಕೊಂಡು, ಅಷ್ಟೇ ಆದರೆ ಪರವಾಗಿಲ್ಲ, ಸೋಮವಾರ ತಿಕ್ಕೋಣ ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ನೀನು ಕೆಜಿಎಫ್ ಬಸ್ಸು ಹತ್ತಿ ಹೋದೆ.

ನೀನು ಮರೆತಿರುತ್ತೀಯ ಅಂತ ನಾನು ತಿಳಿದಿದ್ದೆ. ಭಾನುವಾರ ಭಾನುವಾರ ಕೊಟ್ಟಿಗೆಯ ಹಳೇ ಇಟ್ಟಿಗೆ ಚೂರು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ನಿನ್ನ ತಲೆಯನ್ನು ನನ್ನ ಮಂಡಿಗಳ ನಡುವೆ ಅದುಮಿ ಹಿಡಿದು ಉಜ್ಜುತ್ತಿದ್ದೆನಲ್ಲ. ಪಕ್ಕದ ಮನೆ ಪಾಪಕ್ಕ ಬೇಲಿಯ ಆಚೆಯಿಂದ, ಮಗೀನ ಬಿಡಮ್ಮೋ, ಪಾತ್ರೆ ತಿಕ್ಕ್‌ದಂಗೆ ತಿಕ್ತೀಯಲ್ಲ ಅನ್ನುತ್ತಿದ್ದಳು. ನಿನ್ ಮನೆ ನೋಡ್ಕ ಓಗೆ ಅಂತ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಒಸಡಿನಲ್ಲಿ ರಕ್ತ ಬಂದರೆ ಕೊಳೆ ಬಿಡುತ್ತಿದೆ ಅನ್ನುತ್ತಿದ್ದೆ. ನಿನಗೆ ಏಳು ವರ್ಷವಿದ್ದಾಗ ಹಿಡಿದದ್ದು, ದೊಡ್ಡವಳಾದ ಮೇಲೆ ಬಿಟ್ಟೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಅಂತ ಇಲ್ಲಿ ಬರೆದಿದ್ದೆ, ಹೊಡೆದು ಹಾಕಿದ್ದೇನೆ, ಕಾಣುತ್ತದೆ ನೋಡು.

ಸೋಮವಾರ ಆ ಕುರ್ಚಿಯಲ್ಲಿ ಕೂರುವ ಮುಂಚೆ ಡಾಕ್ಟರಮ್ಮನಿಗೆ ನಿಜ ಹೇಳು. ಈ ಮುದುಕಿಯ ಮಾನ ಕಾಯಲು ಹೋಗಿ ಇರುವ ಹಲ್ಲನ್ನೂ ಸವೆಸಿಕೊಳ್ಳಬೇಡ. ಆಮೇಲೆ ನನ್ನ ಹತ್ತಿರ ಮಾತು ಬಿಡುವುದಾದರೆ ಬಿಡು.

ಇಂತಿ,
ನಿನ್ನ ಹಲ್ಲು ಕೆಡಿಸಿದ ಅಜ್ಜಿ
ಗಂಗರತ್ನಮ್ಮ

ಕಡೇ ಮಾತು, ಶನಿವಾರ: ಅಂಚೆಗೆ ಹಾಕಿದರೆ ಸೋಮವಾರದೊಳಗೆ ನಿನ್ನ ಕೈ ಸೇರುವುದಿಲ್ಲ ಅಂತ ನಾನೇ ಕಾಗದ ಹಿಡಿದು ಹೊರಟೆ. ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು ಡಾಕ್ಟರಮ್ಮನಿಗೆ ಎಲ್ಲ ಒಪ್ಪಿಸಿದೆ. ಇದನ್ನು ಅವಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳು ಬೈಯಲಿಲ್ಲ, ನಿನ್ನ ಚೀಟಿ ತೆಗೆದು ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹೇಳಿದಳು. ಇಟ್ಟಿಗೆ ಪುಡಿ ಅಂತ ಆಗಲೇ ಬರೆದಿತ್ತು. ಗುರುವಾರ ಸಂಜೆಯೇ ನೀನು ಫೋನು ಮಾಡಿ ಹೇಳಿದೆಯಂತೆ. ತಿಕ್ಕುವುದು ರದ್ದಾಗಿದೆ, ಕೆರೆಯದೆ ಮೇಲೆ ಪೇಸ್ಟು ಮೆತ್ತುತ್ತಾಳಂತೆ, ಜೂನ್ ಹೊತ್ತಿಗೆ ಬೇಕಾದಷ್ಟು ದಿನವಿದೆ. ಅದರ ಕೆಳಗಿನ ಸಾಲನ್ನು ಮಾತ್ರ ಎರಡು ಸಲ ಓದಿಸಿದೆ. ಹುಡುಗಿ ತಾನೇ ಉಜ್ಜಿಕೊಳ್ಳುತ್ತಿದ್ದಳು ಅಂತ ಬರೆಸಿದ್ದೀಯ. ಅದನ್ನ ವಡ್ದಾಕು ತಾಯಿ ಅಂದೆ. ಚಿಕಿತ್ಸೆಗೆ ಯಾರು ಉಜ್ಜಿದರೂ ಒಂದೇ ಅಜ್ಜಿ ಅಂದಳು. ನಿಂಗೆ ಒಂದೇ, ನಂಗಲ್ಲ ಅಂದೆ. ಹೊಡೆದು ಹಾಕಿ, ಅಜ್ಜಿ ಉಜ್ಜಿದ್ದು ಅಂತ ಕನ್ನಡದಲ್ಲೇ ಬರೆದಳು. ಸಹಿ ಹಾಕಲು ಆ ಚೀಟಿಯಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಹಾಕಿದ್ದೇನೆ.