ಕಿಟಕಿ ಇರುವ ಸಬ್‌ಮರೀನ್

ಗುಮ್ಮಳಾಪುರ
6-1-2005

ಚಿ. ಸೌ. ಉಷಾರಾಣಿಗೆ ನಿನ್ನ ಮಾವ ಅಂಜನಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಹೊಸೂರಿನಲ್ಲಿ ನೀನೂ ಮೊಮ್ಮಗಳು ಗೌತಮಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಊರೆಲ್ಲ ನನ್ನ ಮೇಲೆ ಬಿದ್ದಿದೆ. ಅವರಿಗೆ ಉತ್ತರ ಕೊಡುವುದರಲ್ಲೇ ದಿನ ಹೋಗುತ್ತಿದೆ. ಏನು ಗಲಾಟೆ ಮಾವ ಎಂದು ಕೇಳಿದ್ದೀಯಲ್ಲ, ಕಂಡವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು.

ಹೋದ ತಿಂಗಳು ನೌಕಾದಳದ ಹಳೆಯ ಗೆಳೆಯರ ಜೊತೆ ವಿಶಾಖಪಟ್ಟಣಕ್ಕೆ ಹೋಗಿದ್ದೆನಲ್ಲ. ಅಲ್ಲಿ ಒಂದು ಸಬ್‌ಮರೀನನ್ನು ದಡಕ್ಕೆ ಎಳೆದು ಮ್ಯೂಸಿಯಂ ಮಾಡಿದ್ದಾರೆ. ನನ್ನ ಹರೆಯ ಕಳೆದದ್ದು ಅಂಥದ್ದರ ಹೊಟ್ಟೆಯಲ್ಲೇ. ಟಿಕೆಟ್ ಕೊಂಡು ಒಳಗೆ ಹೋದರೆ ಗೈಡು ನನಗೇ "ತಲ ಜಾಗ್ರತ್ತ ತಾತಾ" ಎಂದು ತೆಲುಗಿನಲ್ಲಿ ತಲೆ ಜೋಪಾನದ ಬುದ್ಧಿ ಹೇಳಿದ! ಅಲ್ಲೇ ಹತ್ತಿರದಲ್ಲಿ ಎಪ್ಪತ್ತೊಂದರ ಯುದ್ಧದ ವಿಜಯ ಸ್ಮಾರಕ. ಎಲ್ಲರಂತೆ ನಾನೂ ಸೆಲ್ಯೂಟ್ ಹೊಡೆದೆ, ಹೆಮ್ಮೆಯಿಂದಲೇ ಹೊಡೆದೆ. ಆದರೆ ಕಣ್ಣು ಸಮುದ್ರದ ಕಡೆಗೇ ಹೋಗುತ್ತಿತ್ತು. ಆ ಯುದ್ಧದಲ್ಲಿ ಅಲ್ಲೇ ಆಚೆ ಪಾಕಿಸ್ತಾನದ ಸಬ್‌ಮರೀನೊಂದು ಮುಳುಗಿತು. ಒಬ್ಬನೂ ಉಳಿಯಲಿಲ್ಲ. ನೀರಿನಡಿಯಲ್ಲಿ ಗಾಳಿ ಕೆಡುತ್ತಾ ಬಂದರೆ ಎದೆ ಹೇಗಾಗುತ್ತದೆಂದು ನನಗೆ ಗೊತ್ತು ಉಷಮ್ಮ. ಗೆದ್ದವರಿಗೆ ಸ್ಮಾರಕ ಇರಲಿ, ಬೇಡವೆಂದವರು ಯಾರು? ಒಳಗೇ ಉಳಿದುಹೋದ ಅವರಿಗೂ ಒಂದು ಕಲ್ಲು ಬೇಕು ಎನ್ನಿಸಿತು.

ಊರಿಗೆ ಬಂದವನೇ ಕಲ್ಲುಕುಟಿಗ ಆವುಲಪ್ಪನನ್ನು ಕಂಡು, ಕೆರೆ ಏರಿಯ ಮೇಲಿರುವ ವೀರಗಲ್ಲಿನಂಥದ್ದೇ ಒಂದನ್ನು ಕೆತ್ತಲು ಹೇಳಿದೆ. ಸಂಕ್ರಾಂತಿಯ ದಿನ ಊರವರು ದನಗಳ ಮೈ ತೊಳೆದು ಆ ವೀರಗಲ್ಲಿಗೆ ಎಣ್ಣೆ ಹಚ್ಚುತ್ತಾರಲ್ಲ, ಅದೇ ಹೊತ್ತಿಗೆ ನಮ್ಮ ಮಾವಿನ ತೋಟದಲ್ಲಿ ಇದನ್ನು ನಿಲ್ಲಿಸಬೇಕೆಂದು ನನ್ನ ಆಸೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಸಬ್‌ಮರೀನ್. ಚಿತ್ರವನ್ನೂ ಬರೆದುಕೊಟ್ಟಿದ್ದೆ. ಹೋಗಿ ನೋಡಿದರೆ ಸಬ್‌ಮರೀನಿಗೆ ಸಾಲಾಗಿ ಕಿಟಕಿ!

"ಇದಕ್ಕೆ ಕಿಟ್ಕಿ ಇರಾಕಿಲ್ಲ ಕಣ್ಲಾ" ಎಂದೆ.

"ಕಿಟ್ಕಿ ಇಲ್ದಿದ್ರೆ ಒಳಗಿರೋರು ಉಸ್ರು ಎಂಗಣ್ಣ ಆಡ್ತಾರೆ? ನೀನು ಬರೆಯೋದು ಮರ್ತಿದ್ದೀಯ ಅಂತ ನಾನೇ ಮಡಗ್ದೆ" ಎಂದ.

ಅವನು ಸಮುದ್ರ ಕಂಡವನಲ್ಲ. ಬಯ್ಯಲು ನನಗೆ ಬಾಯಿ ಬರಲಿಲ್ಲ. ಇರಲಿ ಬಿಡು ಎಂದೆ. ಈಗ ಕಲ್ಲು ನಮ್ಮ ತೋಟಕ್ಕೆ ಬಂದು ಮಲಗಿದೆ, ಕಿಟಕಿಗಳ ಸಮೇತ.

ಅಷ್ಟರಲ್ಲಿ ಊರ ಹಿರಿಯ ಮರಿಸ್ವಾಮಿ ಅರಳಿಕಟ್ಟೆಗೆ ಕರೆಸಿದ. "ಸತ್ರುಗಳಿಗೆ ವೀರಗಲ್ಲಾ? ನಿಂಗೆ ಬುದ್ಧಿ ಗಿದ್ದಿ ಐತಾ ಅಂಜನಪ್ಪ? ನಿಲ್ಸಿದ್ರೆ ನಾವೇ ಬಂದು ಕಿತ್ತಾಕ್ತೀವಿ" ಎಂದು ಎಲ್ಲರೆದುರು ಕೂಗಾಡಿದ.

ನಾನು ಬಿಡುತ್ತೇನೆಯೇ? "ಕೆರೆ ಏರಿ ಮೇಲೆ ನಿಂತವ್ನಲ್ಲ, ಅವ್ನು ಯಾರ ಕಡೆಯೋನು ಹೇಳು. ನಮ್ಮ ದನ ಕಾಯಾಕ್ ಹೋಗಿ ಸತ್ನೋ, ಹೊಡ್ಕೊಂಡು ಹೋಗಾಕ್ ಬಂದು ಸತ್ನೋ? ವರ್ಸಾ ವರ್ಸಾ ಎಣ್ಣೆ ಹಚ್ತೀಯಲ್ಲ, ಕೇಳ್ಕೊಂಡು ಹಚ್ತೀಯಾ?" ಎಂದೆ.

ಮರಿಸ್ವಾಮಿ ಕಟ್ಟೆಯಿಂದ ಎದ್ದು ಹೋಗುತ್ತಾ ಇನ್ನೊಂದು ಮಾತು ಆಡಿದ. ಅದನ್ನು ನಿನಗೆ ಬರೆಯುವುದಿಲ್ಲ. ಅಲ್ಲೇ ನಿಂತಿದ್ದ ನಿನ್ನ ಅತ್ತೆಯ ಕಿವಿಗೆ ಅದು ಬಿತ್ತು. ಅಂದಿನಿಂದ ಜಾನಕಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಸಾರಿಗೆ ಉಪ್ಪು ಮಾತ್ರ ಹಾಕುವುದಿಲ್ಲ.

ಆದರೂ ಕಲ್ಲು ನಿಲ್ಲುತ್ತದೆ. ಹಾರೆ ತರುವವರು ತರಲಿ, ನಾನು ಕಲ್ಲಿಗೆ ಬೆನ್ನು ಕೊಟ್ಟು ಕೂತಿರುತ್ತೇನೆ. ಮೊದಲು ನನ್ನನ್ನು ಕೀಳಲಿ. ಕಬ್ಬಿಣದ ಡಬ್ಬಿಯೊಳಗೆ ಕೂತು ಕಾಯುವುದನ್ನು ಕಲಿತ ಜೀವ ಇದು. ಅವರಿಗಾದರೆ ಊಟದ ಹೊತ್ತಾದ ಕೂಡಲೇ ಕಾಲು ಮನೆಯ ಕಡೆ ತಿರುಗುತ್ತದೆ.

ಗೌತಮಿಯನ್ನು ಕರೆದುಕೊಂಡು ಹಬ್ಬಕ್ಕೆ ಒಂದು ದಿನ ಮುಂಚೆಯೇ ಬಾ. ಅತ್ತೆ ಎಳ್ಳು ಹುರಿದಿಟ್ಟಿದ್ದಾಳೆ. ನಿನಗೂ ನನ್ನ ಮೇಲೆ ಕೋಪವಿದ್ದರೆ ಬಂದೇ ಜಗಳವಾಡು. ಮಗುವಿಗೆ ತಾತನ ಮುತ್ತು. ತಾಯಿ ಮಗಳಿಬ್ಬರೂ ನೂರು ಕಾಲ ತಣ್ಣಗಿರಿ.

ಇಂತಿ ನಿನ್ನ ಮಾವ,
ಅಂಜನಪ್ಪ

ತಾ. ಕ.: ಕಾಗದ ಬರೆದು ಎರಡು ದಿನವಾದರೂ ಅಂಚೆಗೆ ಹಾಕಿಲ್ಲ. ನಿನ್ನಿಂದ ಮುಚ್ಚಿಟ್ಟು ನನಗೆ ನಿದ್ದೆ ಬರುವುದಿಲ್ಲ, ಬರೆದೇ ಬಿಡುತ್ತೇನೆ. "ಮಗನ್ನ ನುಂಗ್ದೋರಿಗೆ ಕಲ್ಲು ಮಡಗ್ತಾನೆ, ಮಗನಿಗೆ ಒಂದು ಇಟ್ಟಿಗೇನೂ ಇಲ್ಲ" ಎಂದ ಮರಿಸ್ವಾಮಿ. ನಿಜವೇ. ಕಾರ್ಗಿಲ್‌ಗೆ ಹೋದ ನಮ್ಮ ಕಿರಣ ಗಡಿಯಾಚೆಯ ಹಿಮದಲ್ಲೇ ಉಳಿದ. ಮುಖ ನೋಡದೆ ಅವನಿಗೆ ಕಲ್ಲು ನಿಲ್ಲಿಸಲು ನನ್ನ ಕೈ ಏಳಲಿಲ್ಲ. ಮೇಲೆ ‘ಚಿ. ಸೌ.’ ಎಂದು ಬರೆದದ್ದೂ ಕೈತಪ್ಪಿ ಅಲ್ಲ. ಬೇಡವೆನ್ನುವುದಾದರೆ ನೀನು ಹೇಳಬೇಕು, ಊರಲ್ಲ.

ನಿನ್ನೆ ಸಂಜೆ ನಿನ್ನ ಅತ್ತೆ ತೋಟಕ್ಕೆ ಬಂದಳು. ಕಲ್ಲಿನ ಪಕ್ಕ ಕೂತು ಆ ಕಿಟಕಿಗಳ ಮೇಲೆ ಬೆರಳಾಡಿಸಿದಳು. "ಆ ಕಡೇಲೂ ನಿಮ್ಮಂಗೆ ಒಬ್ಬ ತಲೆಕೆಟ್ಟ ಮುದುಕ ಇರ್ತಾನೇನ್ರೀ?" ಎಂದು ಕೇಳಿದಳು.

"ಇರ್ತಾನೆ ಕಣೆ. ಇರ್ಲೇಬೇಕು" ಎಂದೆ.

ನಿನ್ನೆಯ ಸಾರಿನಲ್ಲಿ ಉಪ್ಪಿತ್ತು.